ಮೆದುಳಿನ ತುರ್ತುಸ್ಥಿತಿ: ರಾತ್ರಿ ಪಾಳಿಗೂ ತರಬೇತಾದ ಶುಶ್ರೂಷಕರು ಬೇಕು

ಮಾನ್ಯ ಸಂಪಾದಕರೇ,

ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಬಿಡದೆ ಬರುವ ಫಿಟ್ಸ್ ಮೊದಲಾದ ಮೆದುಳಿನ ತುರ್ತುಸ್ಥಿತಿಗಳ ಬಗ್ಗೆ ಪತ್ರಿಕೆಗಳು ಜನರಲ್ಲಿ ಅರಿವು ಮೂಡಿಸುತ್ತಿವೆ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕೆಂಬ ತಿಳಿವಳಿಕೆ ಹರಡುತ್ತಿರುವುದು ಸಂತೋಷದ ವಿಷಯ. ಆದರೆ ಇಂಥ ಬರಹಗಳು ಸಾಮಾನ್ಯವಾಗಿ ಆಸ್ಪತ್ರೆಯ ಬಾಗಿಲಲ್ಲಿ, ಹೆಚ್ಚೆಂದರೆ ಸಿ.ಟಿ. ಸ್ಕ್ಯಾನ್ ಕೊಠಡಿಯಲ್ಲಿ ನಿಂತುಬಿಡುತ್ತವೆ. ಆಮೇಲಿನ ಎರಡು ಮೂರು ದಿನ ಹಾಸಿಗೆಯ ಪಕ್ಕದಲ್ಲಿದ್ದು ರೋಗಿಯ ಸ್ಥಿತಿಯನ್ನು ಗಂಟೆಗಂಟೆಗೂ ಅಳೆಯುವವರು ಯಾರು, ಅವರಿಗೆ ಅದರ ತರಬೇತಿ ಇದೆಯೇ, ಒಬ್ಬರ ಪಾಲಿಗೆ ಎಷ್ಟು ಹಾಸಿಗೆಗಳಿವೆ ಎಂದು ಕೇಳುವವರು ಕಡಿಮೆ. ನರರೋಗ ವಿಭಾಗದ ತೀವ್ರ ನಿಗಾ ಘಟಕದಲ್ಲಿ ಬಹುಕಾಲ ದುಡಿದ ಶುಶ್ರೂಷಕಿಯಾಗಿ ಈ ಪ್ರಶ್ನೆಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಾದವರಲ್ಲಿ ಅರ್ಹರಾದವರಿಗೆ, ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧ ಕೊಡುತ್ತಾರೆಂಬುದನ್ನು ಈಗ ಅನೇಕರು ಬಲ್ಲರು. ಕೊಟ್ಟ ಮೇಲೆ ಏನು ನಡೆಯಬೇಕೆಂಬುದು ಅಷ್ಟಾಗಿ ತಿಳಿದಿಲ್ಲ. ಮೊದಲ 2 ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಅಲ್ಲಿಂದ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ರಕ್ತದೊತ್ತಡವನ್ನೂ ಪ್ರಜ್ಞೆ, ಮಾತು, ಕೈಕಾಲಿನ ಬಲವನ್ನೂ ಪರೀಕ್ಷಿಸಿ ಬರೆದಿಡಬೇಕು. ಲೆಕ್ಕ ಹಾಕಿದರೆ ಒಟ್ಟು 36 ಸಲ. ರಕ್ತದೊತ್ತಡ 180/105 ಮೀರಬಾರದು. ಮೀರಿದರೆ ಮೆದುಳಿನೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ರೋಗಿಗೆ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದರೆ, ವಾಂತಿಯಾದರೆ, ಮಂಕು ಕವಿದರೆ, ಹೋಗುತ್ತಿರುವ ಔಷಧವನ್ನು ಆ ಕ್ಷಣವೇ ನಿಲ್ಲಿಸಿ, ವೈದ್ಯರನ್ನು ಕರೆದು, ಮತ್ತೊಂದು ಸ್ಕ್ಯಾನ್‌ಗೆ ಸಿದ್ಧಪಡಿಸಬೇಕಾದವಳು ಶುಶ್ರೂಷಕಿ. ಒಬ್ಬ ರೋಗಿಗೇ ಇಷ್ಟು ಕೆಲಸವಿರುವಾಗ ರಾತ್ರಿ ಪಾಳಿಯಲ್ಲಿ ಎಂಟು ಹತ್ತು ಹಾಸಿಗೆಗಳನ್ನು ಒಬ್ಬಳಿಗೇ ವಹಿಸಿದರೆ, ಆ 36 ದಾಖಲೆಗಳಲ್ಲಿ ಎಷ್ಟು ನಿಜವಾದ ಪರೀಕ್ಷೆಯಿಂದ ಬಂದವು ಎಂಬುದನ್ನು ಆಸ್ಪತ್ರೆ ನಡೆಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಮಾನಿಟರ್ ಇದೆಯಲ್ಲ, ಏನಾದರೂ ಆದರೆ ಅದು ಕೂಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಮೆದುಳಿನ ವಿಷಯದಲ್ಲಿ ಈ ನಂಬಿಕೆ ಅಪಾಯಕಾರಿ. ತಲೆಬುರುಡೆಯೊಳಗೆ ಒತ್ತಡ ಏರುವಾಗ ರಕ್ತದೊತ್ತಡ ಹೆಚ್ಚಿ, ನಾಡಿ ನಿಧಾನಗೊಂಡು, ಉಸಿರಾಟ ಲಯ ತಪ್ಪುವುದು ತಡವಾಗಿ ಕಾಣುವ ಲಕ್ಷಣ. ಯಂತ್ರ ಎಚ್ಚರಿಸುವ ಹೊತ್ತಿಗೆ ಮೆದುಳು ಕೆಳಕ್ಕೆ ಒತ್ತಿಹೋಗತೊಡಗಿರಬಹುದು. ಅದಕ್ಕೂ ಮೊದಲು ಬದಲಾಗುವುದು ಪ್ರಜ್ಞೆ. ಅದನ್ನು ಅಳೆಯಲೆಂದೇ 1974ರಲ್ಲಿ ಗ್ಲ್ಯಾಸ್ಗೊ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ವೈದ್ಯರು ರೂಪಿಸಿದ ಮಾಪಕವನ್ನು ನಾವು ಇಂದಿಗೂ ಬಳಸುತ್ತೇವೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6 ಅಂಕ. ಒಟ್ಟು 15, ಕನಿಷ್ಠ 3. ಸಂಜೆ ತಾನು ಆಸ್ಪತ್ರೆಯಲ್ಲಿದ್ದೇನೆಂದು ಸರಿಯಾಗಿ ಹೇಳಿದ ರೋಗಿ ನಡುರಾತ್ರಿ ಮನೆಯಲ್ಲಿದ್ದೇನೆ ಎಂದರೆ ಮಾತಿನ ಅಂಕ ಒಂದು ಇಳಿಯಿತು. ಆ ಒಂದು ಅಂಕ ಯಾವ ಪರದೆಯ ಮೇಲೂ ಮೂಡುವುದಿಲ್ಲ, ಎಬ್ಬಿಸಿ ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಟಾರ್ಚ್ ಬೆಳಕು ಹಾಯಿಸಿ ಎರಡೂ ಪಾಪೆಗಳ ಗಾತ್ರವನ್ನು ಹೋಲಿಸಿ ನೋಡುವುದೂ ಹಾಗೆಯೇ. ಎರಡು ಅಂಕ ಇಳಿದರೆ ಅದು ನಿಲ್ಲದೆ ಓಡಬೇಕಾದ ಸಂದರ್ಭ. ಒಬ್ಬರು ಬೆರಳುಗುರುಗಳನ್ನು ಒತ್ತಿ ನೋಡಿದ ಪ್ರತಿಕ್ರಿಯೆಯನ್ನು ಇನ್ನೊಬ್ಬರು ಬೇರೆಯಾಗಿ ಅರ್ಥೈಸುವ ಸಾಧ್ಯತೆ ಇರುವುದರಿಂದ, ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಒಟ್ಟಿಗೆ ಹಾಸಿಗೆಯ ಬಳಿ ನಿಂತು ಪರೀಕ್ಷಿಸುವುದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಶುಶ್ರೂಷೆಯಿಂದ ಎಷ್ಟು ವ್ಯತ್ಯಾಸವಾದೀತು ಎಂದು ಅನುಮಾನಿಸುವವರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು, 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನು ಗಮನಿಸಬೇಕು. ಅದರ ನೇತೃತ್ವ ವಹಿಸಿದವರು ಶುಶ್ರೂಷಾ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್. ಹೊಸ ಔಷಧವೂ ಇಲ್ಲ, ಹೊಸ ಯಂತ್ರವೂ ಇಲ್ಲ. ಜ್ವರ, ರಕ್ತದ ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನು ಮೊದಲ ಮೂರು ದಿನ ಶುಶ್ರೂಷಕರು ನಿಯಮಬದ್ಧವಾಗಿ ನೋಡಿಕೊಂಡು ಕೂಡಲೇ ಕ್ರಮ ಕೈಗೊಂಡರು, ಅಷ್ಟೆ. 90 ದಿನಗಳ ಬಳಿಕ ಸತ್ತವರ ಅಥವಾ ಪರಾವಲಂಬಿಗಳಾದವರ ಪ್ರಮಾಣ ಈ ಕ್ರಮವಿಲ್ಲದ ಘಟಕಗಳಲ್ಲಿ ಶೇ 58 ಇದ್ದರೆ, ಕ್ರಮ ಪಾಲಿಸಿದ ಘಟಕಗಳಲ್ಲಿ ಶೇ 42 ಇತ್ತು.

ನುಂಗುವ ಶಕ್ತಿಯ ವಿಷಯವನ್ನು ರೋಗಿಗಳ ಬಂಧುಗಳಿಗಾಗಿ ಇನ್ನಷ್ಟು ಬಿಡಿಸಿ ಹೇಳಬೇಕೆನಿಸುತ್ತದೆ. ಬಾಯಾರಿಕೆಯಿಂದ ಬಳಲುವ ತಂದೆಗೋ ತಾಯಿಗೋ ಒಂದು ಗುಟುಕು ನೀರು ಕೊಡಲು ಬಿಡದ ನರ್ಸ್ ಕಟುಕಳಂತೆ ಕಾಣುತ್ತಾಳೆ. ಗಂಟಲಿನ ಸ್ನಾಯುಗಳು ಸೋತಿದ್ದರೆ ಆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಎಷ್ಟೋ ಬಾರಿ ಕೆಮ್ಮು ಕೂಡ ಬರುವುದಿಲ್ಲವಾದ್ದರಿಂದ ನೋಡುವವರಿಗೆ ಸರಾಗವಾಗಿ ಕುಡಿದಂತೆಯೇ ಕಾಣುತ್ತದೆ. ಮರುದಿನವೋ ಅದರ ಮರುದಿನವೋ ಜ್ವರ ಬಂದು ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ನುಂಗುವ ಪರೀಕ್ಷೆ ಮುಗಿಯುವವರೆಗೆ ನೀರು, ಅನ್ನ, ಮಾತ್ರೆ ಯಾವುದನ್ನೂ ಬಾಯಿಗೆ ಕೊಡಬಾರದು. ಫಿಟ್ಸ್ ಬಂದವರ ಬಾಯಿಗೂ ಏನನ್ನೂ ತುರುಕಬಾರದು. ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಬೇಕು. 5 ನಿಮಿಷ ಮೀರಿದ ಫಿಟ್ಸ್ ತಾನಾಗಿ ನಿಲ್ಲುವ ಸಂಭವ ಕಡಿಮೆ.

ತಲೆಯ ಕಡೆ 30 ಡಿಗ್ರಿ ಎತ್ತರಿಸಿ ಕತ್ತನ್ನು ನೇರವಾಗಿಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ರೆಪ್ಪೆ ಮುಚ್ಚದ ಕಣ್ಣು ಒಣಗದಂತೆ ಕಾಯುವುದು, ಬಾಯಿ ಸ್ವಚ್ಛಗೊಳಿಸುವುದು ಮುಂತಾದವು ಇದರ ಜೊತೆಗೇ ನಡೆಯಬೇಕು.

ಇಷ್ಟೆಲ್ಲ ಕಲಿತ ಶುಶ್ರೂಷಕರನ್ನು ಕೆಲವು ತಿಂಗಳಿಗೇ ಬೇರೆ ವಾರ್ಡಿಗೆ ಕಳುಹಿಸಿ, ಆ ಜಾಗಕ್ಕೆ ಹೊಸಬರನ್ನು ತಂದು ನಿಲ್ಲಿಸುವ ಪದ್ಧತಿ ನಿಲ್ಲಬೇಕು. ರೋಗಿಯ ಮೆದುಳಿಗೆ ಹಗಲು ರಾತ್ರಿಯ ಭೇದವಿಲ್ಲದಿರುವಾಗ ರಾತ್ರಿ ಪಾಳಿಗೆ ಅರ್ಧ ಸಿಬ್ಬಂದಿ ಸಾಕೆಂಬ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ಅಂಕ ಇಳಿದದ್ದನ್ನು ಕಂಡ ಶುಶ್ರೂಷಕಿಗೆ, ನಡುವಿನ ಮೆಟ್ಟಿಲುಗಳನ್ನು ಕಾಯದೆ ತಜ್ಞರಿಗೆ ನೇರವಾಗಿ ಫೋನ್ ಮಾಡುವ ಲಿಖಿತ ಅಧಿಕಾರವಿರಬೇಕು. ನಿದ್ದೆ ಕೆಡಿಸಿದಳೆಂದು ಗದರಿಸಿಕೊಂಡವಳು ಮುಂದಿನ ಸಲ ಫೋನ್ ಎತ್ತಲು ಹಿಂಜರಿಯುತ್ತಾಳೆ, ಆ ಹಿಂಜರಿಕೆಯ ಬೆಲೆಯನ್ನು ರೋಗಿ ತೆರುತ್ತಾನೆ.

ಬಂಧುಗಳಿಂದಲೂ ಒಂದು ಸಹಾಯ ಬೇಕು. ರೋಗಿ ಕೊನೆಯದಾಗಿ ಎಷ್ಟು ಹೊತ್ತಿಗೆ ಚೆನ್ನಾಗಿದ್ದರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ, ಕಿವಿ ಮಂದವೇ, ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯೇ, ಮೊದಲೇ ಯಾವುದಾದರೂ ಕೈಕಾಲು ದುರ್ಬಲವಾಗಿತ್ತೇ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದನ್ನು ಕೇಳುವ ಮೊದಲೇ ಶುಶ್ರೂಷಕರಿಗೆ ತಿಳಿಸಿ. ಹಳೆಯ ಶಸ್ತ್ರಚಿಕಿತ್ಸೆಯಿಂದ ಆಕಾರ ಬದಲಾದ ಪಾಪೆಯನ್ನು ಹೊಸ ಅಪಾಯವೆಂದು, ಕಿವುಡನ್ನು ಮಂಕೆಂದು ನಾವು ತಪ್ಪು ತಿಳಿಯದಿರಲು ಈ ಮಾಹಿತಿ ಮೊದಲ ಗಂಟೆಯಲ್ಲೇ ನಮ್ಮ ಕೈಗೆ ಸಿಗಬೇಕು.

ಇಂತಿ,
ಒಬ್ಬ ಹಿರಿಯ ಶುಶ್ರೂಷಾಧಿಕಾರಿ