ಐಸ್ ಫ್ಲಾಸ್ಕ್ ಹಿಡಿದಿದ್ದ ಅಣ್ಣನಿಗೆ

ಹೋದ ಬೇಸಿಗೆ ಕೊಕ್ಕರೆ ರೋಗ ಬಂದು ನಮ್ಮ ಹಿತ್ತಲಿನ 12 ಕೋಳಿಗಳೂ ಹೋದವು. ಕತ್ತು ತಿರುಚಿಕೊಂಡು ಬಿದ್ದ ಹುಂಜ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈ ಸಲ ಮರಿಗಳಿಗೆ 7 ದಿನವಾದಾಗ ಆ ರೋಗ ತಡೆಯುವ ಲಸೋಟ ಲಸಿಕೆಗೆಂದು ತಿಪಟೂರಿಗೆ ಬಂದೆ. ಸೀಸೆ 100 ಕೋಳಿಗಾಗುವಷ್ಟು, ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ನನ್ನವು ಒಂಬತ್ತೇ. ವಾಪಸ್ ಹೊರಟವಳನ್ನು ಕರೆದು, “ನಮ್ಮವು ಎಂಬತ್ತಿವೆ, ಒಂದೇ ಸೀಸೆ ಸಾಕಮ್ಮ, ನಿನ್ನ ಮರಿ ತಗೊಂಡು ಬಾ” ಅಂದಿರಿ. ಕೊಟ್ಟ ದುಡ್ಡು ಮುಟ್ಟಲಿಲ್ಲ. ಕಣ್ಣಿಗೆ ಒಂದೇ ಹನಿ, ಮರಿ ರೆಪ್ಪೆ ಮಿಟುಕಿಸಿ ಅದು ಒಳಗಿಳಿಯುವ ತನಕ ಕೈಬಿಡಬಾರದು ಅಂತ ನನ್ನಿಂದಲೇ ಮಾಡಿಸಿದಿರಿ.

ಅಣ್ಣಾ, ಒಂಬತ್ತೂ ಉಳಿದಿವೆ. ಮೊನ್ನೆ ಕೆಂದು ಹೇಟೆ ಮೊದಲ ಮೊಟ್ಟೆ ಇಟ್ಟಿತು. ನಿಮ್ಮ ಹೆಸರು ಕೇಳದೆ ಬಂದುಬಿಟ್ಟೆ. ತುಂಬಾ ಉಪಕಾರವಾಯಿತು. ಈಗ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ಸೀಸೆ ತರುತ್ತೇವೆ.