ಆ ಡಯಟ್ ಚಾರ್ಟ್ ಹರಿದಾಕು ಮಗಾ

ಲೋ ಮಗಾ,

ತೂಕ ಎತ್ತಿ ಮಸಲ್ ಬೆಳೆಸೋಕೆ ಅಂತ ನೀನು ಕಳಿಸಿದ ಚಾರ್ಟ್ ನೋಡ್ದೆ. ದಿನಕ್ಕೆ ಆರು ಹೊತ್ತು ಊಟ, ಇಪ್ಪತ್ತು ಮೊಟ್ಟೆಯ ಬರೀ ಬಿಳಿ, ಉಪ್ಪಿಲ್ಲದ ಚಿಕನ್ ಮೂರು ಸಲ, ಮಧ್ಯರಾತ್ರಿ ಅಲಾರಂ ಇಟ್ಕೊಂಡು ಎದ್ದು ಒಂದು ಶೇಕ್. ಅದನ್ನ ಬರೆದೋನಿಗೆ ತಿನ್ನೋದೇ ಕೆಲಸ ಇರ್ಬೇಕು, ನಿನಗೆ ಆಫೀಸಿದೆ. ಸಿಟ್ಟಾಗ್ಬೇಡ ಕಣೋ, ನಾನೂ ಇಂಥದ್ದೇ ಒಂದನ್ನ ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡು ಹನ್ನೊಂದು ದಿನ ತಿಂದಿದ್ದೆ, ಹನ್ನೆರಡನೇ ದಿನ ಬೇಯ್ತಿರೋ ಚಿಕನ್ ವಾಸನೆ ಮೂಗಿಗೆ ಬಡಿದ್ರೆ ಸಾಕು ಹೊಟ್ಟೆ ತೊಳೆಸೋಕೆ ಶುರುವಾಯ್ತು, ಅವತ್ತೇ ಅದನ್ನ ಕಿತ್ತಾಕ್ದೆ.

ಹೊಸ ಊಟ ಶುರು ಮಾಡೋಕ್ ಮುಂಚೆ ಹಳೇ ಊಟ ಏನು ಅಂತ ನೋಡ್ಕೋ. ಎರಡು ವಾರ ಏನೂ ಬದಲಾಯಿಸ್ಬೇಡ, ಈಗ ಏನ್ ತಿಂತಿದೀಯೋ ಅದನ್ನೇ ತಿನ್ನು, ಆದ್ರೆ ಎಲ್ಲಾ ಒಂದು ಪುಸ್ತಕದಲ್ಲಿ ಬರಿ. ಟೀಗೆ ಹಾಕೋ ಸಕ್ಕರೆ, ಆಫೀಸಲ್ಲಿ ಯಾರದೋ ಬರ್ತ್‌ಡೇ ಕೇಕ್, ರಾತ್ರಿ ಟಿವಿ ಮುಂದೆ ಕೂತು ಬಾಯಿಗೆ ಹಾಕ್ಕೊಳ್ಳೋ ಹಿಡಿ ಕಡಲೆಕಾಯಿ, ಎಲ್ಲಾ. ದಿನಾ ಬೆಳಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗ್ಬಂದು ನೀರೂ ಕುಡೀದೆ ತೂಕ ನೋಡು. ಒಂದೊಂದು ದಿನದ ತೂಕಕ್ಕೆ ಬೆಲೆ ಕೊಡ್ಬೇಡ, ಅದು ಹಿಂದಿನ ರಾತ್ರಿ ತಿಂದ ಉಪ್ಪಿಗೂ ಕುಣಿಯುತ್ತೆ, ವಾರದ ಸರಾಸರಿ ತಗೋ. ಸರಾಸರಿ ಅಲ್ಲಾಡ್ಲಿಲ್ಲ ಅಂದ್ರೆ ನೀನು ಬರೆದಿರೋ ಲೆಕ್ಕಾನೇ ನಿನ್ನ ಮೇಂಟೆನೆನ್ಸ್ ಕ್ಯಾಲೊರಿ, ಅಂದ್ರೆ ತೂಕ ಏರ್ದೆ ಇಳೀದೆ ಇರೋಕೆ ಬೇಕಾದಷ್ಟು. ಅದರ ಮೇಲೆ ಸುಮಾರು 250ರಿಂದ 300 ಕ್ಯಾಲೊರಿ ಸೇರಿಸಿದ್ರೆ ಶುರು ಮಾಡೋಕೆ ಸಾಕು. ಬಲ್ಕ್ (ಮಸಲ್‌ಗೋಸ್ಕರ ಜಾಸ್ತಿ ತಿಂದು ತೂಕ ಏರಿಸೋದು) ಅಂದ ತಕ್ಷಣ ಸಿಕ್ಕಿದ್ದೆಲ್ಲಾ ಗುಡಿಸಿ ತಿಂದ್ರೆ ಮಸಲ್ ಏನೂ ಬೇಗ ಬೆಳೆಯಲ್ಲ, ಹೊಟ್ಟೆ ಬೆಳೆಯುತ್ತೆ.

ಈಗ ನನ್ನ ದಡ್ಡತನದ ಕಥೆ ಹೇಳ್ತೀನಿ, ಯಾಕಂದ್ರೆ ನೀನೂ ಅದನ್ನೇ ಮಾಡ್ತೀಯ ಅಂತ ಗ್ಯಾರಂಟಿ. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಗೊಂಡೆ, ಫೋನಲ್ಲಿ ಆ್ಯಪ್ ಹಾಕ್ಕೊಂಡೆ, ಮಧ್ಯಾಹ್ನ 300 ಗ್ರಾಂ ಅನ್ನ ರಾತ್ರಿ 300 ಗ್ರಾಂ ಅನ್ನ ಅಂತ ಶಿಸ್ತಾಗಿ ತೂಗಿ ತಿಂದೆ. ಆ್ಯಪ್ ದಿನಕ್ಕೆ ಮೂರು ಸಾವಿರದ ಮೇಲೆ ಕ್ಯಾಲೊರಿ ತೋರಿಸ್ತಿತ್ತು, ತೂಕದ ಮುಳ್ಳು ಮಾತ್ರ ಎರಡು ತಿಂಗಳು ಕದಲ್ಲಿಲ್ಲ. ನಂದು ಬಾಡಿ ಟೈಪೇ ಹೀಗೆ, ನಮ್ಮನೇಲಿ ಎಲ್ರೂ ಸಣಕಲು, ಜೀನ್ಸೇ ಸರಿ ಇಲ್ಲ ಅಂತ ಸಿಕ್ಕೋರ ಹತ್ರ ಎಲ್ಲಾ ಹೇಳ್ಕೊಂಡು ಓಡಾಡ್ದೆ. ಒಂದು ರಾತ್ರಿ ಯಾಕೋ ಅಕ್ಕಿಯನ್ನ ಬೇಯಿಸೋಕ್ ಮುಂಚೆ ತಕ್ಕಡಿ ಮೇಲಿಟ್ಟೆ, 100 ಗ್ರಾಂ. ಬೆಂದ ಮೇಲೆ ಅದೇ ಅಕ್ಕಿಯನ್ನ ಮತ್ತೆ ಇಟ್ರೆ 280. ಕೈಯಲ್ಲಿ ಸೌಟು ಹಿಡ್ಕೊಂಡು ಆ 280ನ್ನೇ ನೋಡ್ತಾ ನಿಂತಿದ್ದೆ. ಬೆಂದ ಅನ್ನ ತೂಗಿ ಆ್ಯಪಲ್ಲಿ ಹಸಿ ಅಕ್ಕಿ ಅಂತ ಒತ್ತಿದೀನಿ! ಹಸಿ ಅಕ್ಕಿ 300 ಗ್ರಾಂ ಅಂದ್ರೆ ಸಾವಿರದ ಮೇಲೆ ಕ್ಯಾಲೊರಿ, ಬೆಂದ ಅನ್ನ 300 ಗ್ರಾಂ ಅಂದ್ರೆ 400ರ ಆಸುಪಾಸು, ಮಿಕ್ಕಿದ್ದೆಲ್ಲಾ ನೀರು. ಎರಡು ಹೊತ್ತಿಗೂ ಸೇರಿ ದಿನಕ್ಕೆ ಸಾವಿರಕ್ಕಿಂತ ಜಾಸ್ತಿ ಕ್ಯಾಲೊರಿ ಬರೀ ಫೋನಲ್ಲೇ ತಿಂದಿದ್ದೆ. ಪಾಪ, ಜೀನ್ಸ್ ತಪ್ಪೇನೂ ಇರ್ಲಿಲ್ಲ. ಚಿಕನ್‌ದು ಇದಕ್ಕೆ ಉಲ್ಟಾ, ಬೆಂದಾಗ ನೀರು ಬಿಟ್ಟು ಕಮ್ಮಿಯಾಗುತ್ತೆ: ಎದೆ ಮಾಂಸ ಹಸಿಯಾಗಿದ್ದಾಗ 100 ಗ್ರಾಂಗೆ 22-23 ಗ್ರಾಂ ಪ್ರೋಟೀನ್ ಇದ್ರೆ ಬೆಂದ ಮೇಲೆ 100 ಗ್ರಾಂಗೆ 30ರ ಹತ್ರ. ಅದಕ್ಕೇ ಎಲ್ಲಾದನ್ನೂ ಹಸಿಯಾಗಿ ತೂಗು, ಹಸಿ ಅಂತಾನೇ ಬರಿ. ಎಣ್ಣೆ ಮರೀಬೇಡ, ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ.

ಪ್ರೋಟೀನ್ ಬಗ್ಗೆ ನೀನು ತಲೆ ಕೆಡಿಸ್ಕೊಂಡಿರೋಷ್ಟು ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ತೂಕ ಎತ್ತೋರಿಗೆ ಮೈತೂಕದ ಒಂದೊಂದು ಕೆಜಿಗೆ ದಿನಕ್ಕೆ 1.6 ಗ್ರಾಂ ಇದ್ರೆ ಚೆನ್ನಾಗೇ ಆಯ್ತು, 2.2 ದಾಟಿದ್ರೆ ಜಾಸ್ತಿ ಲಾಭ ಇಲ್ಲ. ನೀನು 70 ಕೆಜಿ, ಅಂದ್ರೆ ಸುಮಾರು 112 ಗ್ರಾಂ. ನಾಲ್ಕು ಮೊಟ್ಟೆಗೆ 24, ಹಸಿ ಚಿಕನ್ 150 ಗ್ರಾಂಗೆ 33, ಅರ್ಧ ಲೀಟರ್ ಹಾಲಿಗೆ 16, ಒಂದು ಬಟ್ಟಲು ಬೆಂದ ಬೇಳೆಗೆ 18, ಒಂದು ಬಟ್ಟಲು ಮೊಸರಿಗೆ 7, ಆಗ್ಲೇ 98 ಆಯ್ತು ನೋಡು, ಉಳಿದದ್ದು ಅನ್ನ ಓಟ್ಸಿಂದ ತಾನಾಗೇ ಬಂದುಬಿಡುತ್ತೆ. ಇದನ್ನ ಮೂರ್ನಾಲ್ಕು ಹೊತ್ತಿಗೆ ಹಂಚ್ಕೊಂಡ್ರೆ ಆಯ್ತು, ಮಧ್ಯರಾತ್ರಿ ಅಲಾರಂ ಬೇಡ, ಆ ಹೊತ್ತಿಗೆ ನಿದ್ದೆ ಮಾಡು, ಅದೂ ಮಸಲ್‌ಗೇ. ಮಾಂಸ ಬಿಡ್ತೀನಿ ಅಂತಿದ್ದೆಯಲ್ಲ, ಬಿಟ್ರೂ ನಡೆಯುತ್ತೆ, ಪ್ರೋಟೀನ್ ಅನ್ನೋದು ಅಮೈನೋ ಆಮ್ಲ ಅನ್ನೋ ಇಟ್ಟಿಗೆಗಳಿಂದ ಆಗಿರುತ್ತೆ, ಅದರಲ್ಲಿ ಲೈಸಿನ್ ಅನ್ನೋದು ಧಾನ್ಯದಲ್ಲಿ ಕಮ್ಮಿ, ಮೆಥಿಯೋನಿನ್ ಅನ್ನೋದು ಕಾಳಲ್ಲಿ ಕಮ್ಮಿ, ಎರಡೂ ತಿಂದ್ರೆ ಒಂದರ ಕೊರತೆಯನ್ನ ಇನ್ನೊಂದು ತುಂಬುತ್ತೆ, ಒಂದೇ ತಟ್ಟೇಲಿ ಇರ್ಬೇಕು ಅಂತಿಲ್ಲ, ಒಂದೇ ದಿನದಲ್ಲಿ ಇದ್ರೆ ಸಾಕು.

ಮೊಟ್ಟೆ ವಿಷಯಕ್ಕೆ ಎರಡು ಮಾತು. ಹಳದಿ ಬಿಸಾಕ್ಬೇಡ, ಮೊಟ್ಟೆ ಪ್ರೋಟೀನಲ್ಲಿ ನೂರಕ್ಕೆ ನಲವತ್ತರಷ್ಟು ಅದರಲ್ಲೇ ಇದೆ, ವಿಟಮಿನ್ನೂ ಅಲ್ಲೇ (ಕೊಲೆಸ್ಟ್ರಾಲ್ ತೊಂದ್ರೆ ಇದ್ರೆ ಡಾಕ್ಟ್ರನ್ನ ಕೇಳು, ನನ್ನಲ್ಲ). ಹಸಿ ಮೊಟ್ಟೆ ಕುಡಿಯೋ ಹೀರೋಗಿರಿನೂ ಬೇಡ. 1998ರಲ್ಲಿ ಬೆಲ್ಜಿಯಂನೋರು ಅಳೆದು ನೋಡಿದಾರೆ, ಬೆಂದ ಮೊಟ್ಟೆ ಪ್ರೋಟೀನಲ್ಲಿ ಸುಮಾರು 90 ಪರ್ಸೆಂಟ್ ಜೀರ್ಣ ಆದ್ರೆ ಹಸಿದ್ರಲ್ಲಿ 50ರ ಹತ್ರ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯ ಬೇರೆ. ಮೂಗು ಮುಚ್ಕೊಂಡು ಮೂರು ವಾರ ಕುಡಿದವನು ಹೇಳ್ತಿದೀನಿ.

ಅನ್ನ ಬಿಡ್ತೀನಿ ಅನ್ನೋದನ್ನ ಬಿಡು. ಸ್ಕ್ವಾಟ್ ಮಾಡೋಕೆ ಪೆಟ್ರೋಲ್ ಅದೇ. ಲೆಕ್ಕ ಹೀಗಿಟ್ಕೋ: ಒಂದು ಗ್ರಾಂ ಪ್ರೋಟೀನಿಗೂ ಪಿಷ್ಟ-ಸಕ್ಕರೆ ಅನ್ನೋ ಕಾರ್ಬ್‌ಗೂ 4 ಕ್ಯಾಲೊರಿ, ಕೊಬ್ಬಿಗೆ 9. ನಿಂದು 2700 ಕ್ಯಾಲೊರಿ ಬಂತು ಅಂದ್ಕೋ, ಪ್ರೋಟೀನ್ 120 ಗ್ರಾಂಗೆ 480 ಹೋಯ್ತು, ಕೊಬ್ಬು 75 ಗ್ರಾಂಗೆ 675 ಹೋಯ್ತು, ಉಳಿದ 1545ನ್ನ ನಾಲ್ಕರಿಂದ ಭಾಗಿಸು, 386 ಗ್ರಾಂ ಕಾರ್ಬ್. ಕೊಬ್ಬನ್ನ ತೀರಾ ಕಮ್ಮಿ ಮಾಡ್ಬೇಡ, ಹಾರ್ಮೋನಿಗೆ ಬೇಕು. ತರಕಾರಿ ಹಣ್ಣು ಬಿಟ್ರೆ ಏನಾಗುತ್ತೆ ಅನ್ನೋದು ನಾಲ್ಕನೇ ದಿನ ಬೆಳಗ್ಗೆ ನಿನಗೇ ಗೊತ್ತಾಗುತ್ತೆ, ಬಿಡಿಸಿ ಹೇಳಲ್ಲ.

ಮೊದಲ ವಾರ ಒಂದೂವರೆ ಕೆಜಿ ಏರಿತು ಅಂತ ನಂಗೆ ಫೋಟೋ ಕಳಿಸ್ತೀಯ, ಗೊತ್ತು. ಅದು ಮಸಲ್ ಅಲ್ಲ. ಕಾರ್ಬ್ ಜಾಸ್ತಿ ಆದಾಗ ಸ್ನಾಯು ಗ್ಲೈಕೋಜನ್ (ಕೂಡಿಟ್ಟ ಕಾರ್ಬ್) ತುಂಬ್ಕೊಳ್ಳುತ್ತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತೆ. ಆಮೇಲೆ ವಾರಕ್ಕೆ 200-300 ಗ್ರಾಂ ಏರಿದ್ರೆ ನೀನು ಸರಿಯಾದ ದಾರೀಲಿದೀಯ. ಎರಡು ವಾರ ನಿಂತುಹೋದ್ರೆ 150 ಕ್ಯಾಲೊರಿ ಸೇರಿಸು. ಎತ್ತೋ ತೂಕ ಏರ್ದೆ ಸೊಂಟದ ಟೇಪ್ ಮಾತ್ರ ಏರ್ತಿದ್ರೆ ಅಷ್ಟೇ ಕಮ್ಮಿ ಮಾಡು.

ಪೌಡರ್ ಡಬ್ಬಿಗಳು ಆಮೇಲೆ. ವೇ ಪ್ರೋಟೀನ್ ಅಂದ್ರೆ ಮಾಯೆ ಏನಲ್ಲ, ಚೀಸ್ ಮಾಡಿದಾಗ ಉಳಿಯೋ ನೀರನ್ನ ಸೋಸಿ ಒಣಗಿಸಿದ್ದು, ಊಟದಲ್ಲಿ ಸಾಲದಿದ್ರೆ ತಗೋ. ತೂಕ ಏರಿಸೋಕೆ ಅಂತ ಮಾರೋ ಗೇನರ್ ಡಬ್ಬಿ ಹಿಂದೆ ಓದು, ಹೆಚ್ಚಿನವುಗಳಲ್ಲಿ ಪಿಷ್ಟದಿಂದ ಮಾಡೋ ಮಾಲ್ಟೊಡೆಕ್ಸ್‌ಟ್ರಿನ್ನೇ ಮೊದಲು ಬರೆದಿರುತ್ತೆ, ಅದರ ಬದ್ಲು ಹಾಲು ಓಟ್ಸ್ ಬಾಳೆಹಣ್ಣು ಮಿಕ್ಸಿಗೆ ಹಾಕಿ ಕುಡಿ. ನಿಜವಾಗ್ಲೂ ಕೆಲಸ ಮಾಡೋದು ಕ್ರಿಯಾಟಿನ್ ಮೊನೊಹೈಡ್ರೇಟ್ (ತೂಕ ಎತ್ತುವಾಗ ಸ್ನಾಯುವಿನ ಶಕ್ತಿಗೆ ನೆರವಾಗೋ ಪುಡಿ), ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಾದ್ರೂ ಸರಿ. ರಕ್ತ ಪರೀಕ್ಷೆ ಮಾಡ್ಸಿದ್ರೆ ಇದನ್ನ ತಗೋತೀನಿ ಅಂತ ಡಾಕ್ಟ್ರಿಗೆ ಹೇಳು, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನೋಡೋ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣ್ಬಹುದು. ಕಿಡ್ನಿ ತೊಂದ್ರೆ ಇರೋರು ಕೇಳ್ದೆ ಮುಟ್ಟಬಾರದು.

ಸರಿ, ಸಾಕು. ಎರಡು ವಾರ ಬರ್ದಾದ್ಮೇಲೆ ಆ ಪುಸ್ತಕದ ಪುಟಗಳ ಫೋಟೋ ಕಳಿಸು, ಕೂತು ಇಬ್ರೂ ಲೆಕ್ಕ ಹಾಕೋಣ. ಅನ್ನದ ಪಕ್ಕ ಮಾತ್ರ ಹಸೀದಾ ಬೆಂದಿದ್ದಾ ಅಂತ ಬರೆದಿರು ಮಾರಾಯ.

ನಿನ್ನ ಮಾಜಿ ಸಣಕಲ