ಬ್ರೇಡ್ ಬಿಗಿಯಾಗಿ ಸುತ್ತಿಸಿದವರಿಗೆ ಥ್ಯಾಂಕ್ಸ್

ಮೀನು ಹಿಡಿಯುವ ನನ್ನ ದೊಡ್ಡ ಸ್ಪಿನ್ನಿಂಗ್ ರೀಲಿಗೆ ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ಗಾಳದ ದಾರ) ಸುತ್ತಲು ಜೊತೆಗೆ ನಿಂತ ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ.

ಬ್ರೇಡ್ ತುಂಬಾ ನುಣುಪು ಅಲ್ವಾ? ಬರೀ ಲೋಹದ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರಬಹುದು. ಅದಕ್ಕೇ ನೀವು ಮೊದಲು ಸ್ವಲ್ಪ ಮೊನೊ (ಒಂದೇ ಎಳೆಯ ಗಾಳದ ದಾರ) ಸುತ್ತಿಸಿ, ಡಬಲ್ ಯೂನಿ ಗಂಟಿನಿಂದ ಬ್ರೇಡ್ ಜೋಡಿಸಿದಿರಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದವರು ಕೊನೆಯ ಮೀಟರಿನವರೆಗೂ ಬಿಗಿ ಬಿಡಲಿಲ್ಲ. ಬೆರಳು ಕೆಂಪಾಗಿದ್ದು ನೋಡಿದೆ. ಸುತ್ತು ಸಡಿಲವಿದ್ದರೆ ದೊಡ್ಡ ಮೀನು ಎಳೆದಾಗ ಮೇಲಿನ ದಾರ ಕೆಳಗಿನ ಸುತ್ತುಗಳೊಳಗೆ ಹೂತುಹೋಗುತ್ತದೆ, ಮುಂದಿನ ಎಸೆತಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಪೂಲಿನ ಅಂಚಿಗಿಂತ 2-3 ಮಿ.ಮೀ. ಕೆಳಗೆ ನಿಲ್ಲಿಸಿದ್ದೂ ಒಳ್ಳೆಯದಾಯಿತು. ಈಗ ಡ್ರ್ಯಾಗ್ (ದಾರ ಹೊರಗೆ ಓಡುವುದನ್ನು ತಡೆಯುವ ರೀಲಿನ ಬ್ರೇಕ್) ಬಿಗಿ ಮಾಡಿ ಎಳೆದರೂ ಸುತ್ತು ಕದಲುವುದಿಲ್ಲ. ನಿಮ್ಮ ತಾಳ್ಮೆ ನಿಜಕ್ಕೂ ದೊಡ್ಡದು.